ಹನ್ನೆರಡು ವರ್ಷದ ಅಂಜಿಕೆ

ಮನೆ ಬಾಡಿಗೆಗೆ ಕೊಡುವ ಮಾತು ಬಂದರೆ ಸಾಕು, ಬೈಲಹೊಂಗಲದ ಪೇಟೆಯಿರಲಿ, ರಾಮದುರ್ಗದ ನೇಕಾರರ ಓಣಿಯಿರಲಿ, ಯಾರಾದರೊಬ್ಬ ಹಿರಿಯರು ಈ ಎಚ್ಚರಿಕೆ ಹೇಳಿಯೇ ಹೇಳುತ್ತಾರೆ: ‘ಒಬ್ಬರನ್ನs ಭಾಳ ವರ್ಷ ಇಟ್ಕೋಬ್ಯಾಡ್ರಿ. ಹನ್ನೆರಡು ವರ್ಷ ಆತಂದ್ರ ಮನಿ ಅವರ ಪಾಲ ಆಗ್ತೈತಿ.’ ಯಾವ ಕಾಯ್ದೆ, ಯಾವ ಕಲಮು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಮಾತಿನಲ್ಲಿ ಸಂಶಯವೂ ಇರುವುದಿಲ್ಲ. ವಾಟ್ಸ್‌ಆ್ಯಪ್ ಬಂದ ಮೇಲೆ ಇದಕ್ಕೆ ‘ಸುಪ್ರೀಂ ಕೋರ್ಟ್ ತೀರ್ಪು’ ಎಂಬ ಬಾಲವೂ ಅಂಟಿಕೊಂಡಿದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನು ಒಳಗೊಂಡ ಈ ತೊರಗಲ್ ಸೀಮೆಯಲ್ಲಿ ಬಾಡಿಗೆಯ ವ್ಯವಹಾರ ಬಹುಮಟ್ಟಿಗೆ ಈ ಅಂಜಿಕೆಯ ಮೇಲೆಯೇ ನಡೆದಿದೆ. ಅಂಜಿದ ಮಾಲೀಕ ಬಾಂಡ್ ಬರೆಸುವುದಿಲ್ಲ. ಬರೆಸಿದರೂ 11 ತಿಂಗಳಿಗೆ, ಅದೂ ಮೊದಲ ಸಲ ಮಾತ್ರ. ಬಾಡಿಗೆಗೆ ಪಾವತಿ (ರಶೀದಿ) ಕೊಡುವುದಿಲ್ಲ. ‘ಫೋನ್‌ಪೇ ಬ್ಯಾಡ್ರಿ, ಕೈಯಾಗs ಕೊಡ್ರಿ’ ಎನ್ನುತ್ತಾನೆ. ಈ ವಿಳಾಸಕ್ಕೆ ಆಧಾರ್, ರೇಷನ್ ಕಾರ್ಡ್ ಮಾಡಿಸಿಕೊಳ್ಳಬಾರದು ಎಂದು ಮೊದಲೇ ಮಾತು ತೆಗೆದುಕೊಳ್ಳುತ್ತಾನೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು, ಬಾಡಿಗೆದಾರರೂ ತಮ್ಮ ಆಧಾರನ್ನು ಮನೆಯ ಆರ್.ಆರ್. ನಂಬರಿಗೆ ಜೋಡಿಸಿ ತಿಂಗಳಿಗೆ 200 ಯುನಿಟ್‌ವರೆಗೆ ಬಿಲ್ಲಿಲ್ಲದ ಕರೆಂಟು ಪಡೆಯಬಹುದು ಎಂದಾದಾಗ, ಕೆಲವು ಮಾಲೀಕರಿಗೆ ಪುಕ್ಕಟೆ ಕರೆಂಟಿನ ಸಂತೋಷಕ್ಕಿಂತ ಹೆಸ್ಕಾಂ ದಾಖಲೆಯಲ್ಲಿ ಬೇರೆಯವರ ಹೆಸರು ಕೂತೀತೆಂಬ ಸಂಕಟವೇ ದೊಡ್ಡದಾಗಿತ್ತು.

ಇಷ್ಟೆಲ್ಲ ಜಾಗ್ರತೆ ಮಾಡಿದವನ ಮನೆಯಲ್ಲೇ ಒಂದು ದಿನ ಬಾಡಿಗೆದಾರ ‘ಬಿಡಂಗಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ’ ಎಂದು ಕೂತರೆ, ನ್ಯಾಯಾಲಯ ಮೊದಲು ಕೇಳುವುದು ಆ ಬಾಂಡನ್ನು, ಆ ಪಾವತಿಯನ್ನು. ಮಾಲೀಕ ಇಷ್ಟು ವರ್ಷ ಬೇಕೆಂದೇ ಇಲ್ಲದಂತೆ ಮಾಡಿಕೊಂಡಿದ್ದು ಅವನ್ನೇ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೆಸರು ಬೇಡ, ಇಂಥ ಮನೆ ಓಣಿಗೊಂದು ಸಿಗುತ್ತದೆ. ಬೈಲಹೊಂಗಲದಲ್ಲಿ ತಂದೆ ಕಟ್ಟಿಸಿದ ಮನೆ, ಸಿಟಿ ಸರ್ವೇ ಉತಾರ ಈಗ ಮಗನ ಹೆಸರಿಗಿದೆ. ಮಗ ಬೆಳಗಾವಿಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಮುಂದಿನ ಎರಡು ಖೋಲಿ, ಅಡುಗೆಮನೆ ಹದಿನೈದು ವರ್ಷದಿಂದ ಒಬ್ಬರಿಗೇ ಬಾಡಿಗೆ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಮೊದಲು ಏಳುನೂರು, ಈಗ ನಾಲ್ಕು ಸಾವಿರ. ಎರಡೂ ಮನೆಯವರು ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಂಡವರು. ಈಗ ಮಾಲೀಕ ಊರಿಗೆ ಮರಳಬೇಕು. ‘ಅಣ್ಣಾರ, ದೀಪಾವಳಿತನಕ ಟೈಮ್ ಕೊಡ್ರಿ’ ಎಂದವರು ದೀಪಾವಳಿ ಆದಮೇಲೆ ಮಗಳ ಪರೀಕ್ಷೆ ಎಂದರು, ಪರೀಕ್ಷೆ ಮುಗಿದ ಮೇಲೆ ಮನೆ ಸಿಗುತ್ತಿಲ್ಲ ಎಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಅಲ್ಲಿಂದ ಮುಂದೆ ಎರಡೂ ಕಡೆಯವರ ತಲೆಯೊಳಗೆ ಅದೇ ಹನ್ನೆರಡು ವರ್ಷ ಕೂತಿದೆ. ಒಬ್ಬರಿಗೆ ಅಂಜಿಕೆಯಾಗಿ, ಇನ್ನೊಬ್ಬರಿಗೆ ಆಸೆಯಾಗಿ.

ಈ ಅಂಜಿಕೆ ಎಲ್ಲಿಂದ ಬಂತು? ನನ್ನ ತಿಳಿವಳಿಕೆಯಂತೆ ಇದು ಮನೆಯಲ್ಲಿ ಹುಟ್ಟಿದ್ದಲ್ಲ, ಹೊಲದಿಂದ ಮನೆಗೆ ಬಂದದ್ದು.

ಮಲಪ್ರಭೆಯ ಈ ಎರೆನೆಲದಲ್ಲಿ ಹೊಲವನ್ನು ಲಾವಣಿಗೋ ಪಾಲಿಗೋ ಕೊಟ್ಟು ಊರಲ್ಲಿ ಕೂರುವುದು ತಲೆಮಾರುಗಳ ರೂಢಿ. ದೇಸಾಯರು, ಇನಾಮದಾರರು, ಮಠಗಳು, ದೇವರ ಜಮೀನುಗಳ ಪೂಜಾರಿಗಳು, ಜೊತೆಗೆ ಗಂಡ ಸತ್ತ ಹೆಣ್ಣುಮಗಳು, ಶಾಲೆಯ ಮಾಸ್ತರ ಇಂಥವರೂ. ಉಳುವವನಿಗೆ ರಕ್ಷಣೆ ಕೊಡುವ ಕೆಲಸವನ್ನು 1948ರ ಮುಂಬೈ ಗೇಣಿ ಕಾಯ್ದೆ ಮಾಡಿತ್ತು. ಅದೇ ಕಾಯ್ದೆಯ ತಿದ್ದುಪಡಿಯಂತೆ ಮುಂಬೈ ರಾಜ್ಯದಲ್ಲಿ 1957ರ ಏಪ್ರಿಲ್ 1 ‘ಉಳುವವರ ದಿನ’ವಾಯಿತು, ಅಂದಿನಿಂದ ಗೇಣಿದಾರ ಭೂಮಿಯನ್ನು ಕೊಂಡವನೆಂದೇ ಲೆಕ್ಕ. ಆದರೆ ಅದಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಗಡಿಯಾಚೆ ಕೊಲ್ಹಾಪುರದ ಕಡೆಯ ರೈತನಿಗೆ ಸಿಕ್ಕ ದಿನ ಈಚೆಯ ರೈತನಿಗೆ ಸಿಗಲಿಲ್ಲ. ಇಲ್ಲಿಯವರು ಕಾದದ್ದು ದೇವರಾಜ ಅರಸರ ಕಾಲದವರೆಗೆ.

1974ರ ಮಾರ್ಚ್ 1ರಂದು ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಾಗ, ಗೇಣಿಗಿದ್ದ ಭೂಮಿಯೆಲ್ಲ ಸರಕಾರದ ಪಾಲಾಗಿ ಅಲ್ಲಿಂದ ಉಳುವವನಿಗೆ ಹೋಗುವ ದಾರಿಯಾಯಿತು. ಫಾರ್ಮ್ ನಂಬರ್ 7 ತುಂಬಿ ಅರ್ಜಿ ಹಾಕಬೇಕು. ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ ಕೂತು, ಉತಾರದ ಸಾಗುವಳಿ ಕಾಲಮ್ಮಿನಲ್ಲಿ ಯಾರ ಹೆಸರಿದೆ, ಅಕ್ಕಪಕ್ಕದ ಹೊಲದವರು ಏನನ್ನುತ್ತಾರೆ ಎಂದು ನೋಡಿ ತೀರ್ಮಾನ ಕೊಟ್ಟಿತು. ಆ ಕಾಲಮ್ಮಿನ ಒಂದು ಹೆಸರಿನ ಮೇಲೆ ನಾಲ್ಕು ಎಕರೆ, ನಲವತ್ತು ಎಕರೆ ಕೈಬದಲಾದವು. ಸೈನಿಕರು, ನಾವಿಕರು ಇಂಥವರಿಗೆ ವಿನಾಯಿತಿ ಇತ್ತು. ವಿಧವೆಗೆ ಇರಲಿಲ್ಲ. ಮುಂದೆ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧವಾಯಿತು.

ತಲೆಮಾರುಗಟ್ಟಲೆ ಇನ್ನೊಬ್ಬರ ಹೊಲ ಹರಗಿದವನಿಗೆ ಅದು ನ್ಯಾಯದ ದಿನ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾನೂರು ಎಕರೆಯ ದೇಸಾಯಿಗೂ ನಾಲ್ಕು ಎಕರೆಯ ಮುದುಕಿಗೂ ಕಾಯ್ದೆ ಒಂದೇ ಆಗಿತ್ತು, ಮುದುಕಿಯ ಮೊಮ್ಮಕ್ಕಳು ಅದನ್ನು ಮರೆತಿಲ್ಲ ಎಂಬುದೂ ನಿಜ. ಅಂದಿನಿಂದ ಈ ಭಾಗದ ಹೊಲದ ಮಾಲೀಕ ಕಲಿತದ್ದು ಮೂರು ಪಾಠ: ಬರೆದು ಕೊಡಬಾರದು, ಕಾಲಮ್ಮಿನಲ್ಲಿ ಹೆಸರು ಬೀಳಗೊಡಬಾರದು, ಒಬ್ಬನಲ್ಲೇ ಬಹಳ ವರ್ಷ ಬಿಡಬಾರದು. ಲಾವಣಿ ಇವತ್ತೂ ಧಾರಾಳ ನಡೆಯುತ್ತದೆ, ಎಲ್ಲ ಬಾಯಿಮಾತಿನ ಮೇಲೆ. ಇದೇ ಮೂರು ಪಾಠವನ್ನು ಜನ ತಂದು ಮನೆಗೆ ಹಚ್ಚಿದರು. ಹಾಗೆ ಗೊಂದಲವಾಗಲು ಒಂದು ಕಾರಣವೂ ಇತ್ತು: ಕೃಷಿ ಕೂಲಿಯವರು ಹಳ್ಳಿಗಳಲ್ಲಿ ಇನ್ನೊಬ್ಬರ ಜಾಗದಲ್ಲಿ ವಾಸವಿದ್ದ ಮನೆ, ಅದರ ಕೆಳಗಿನ ಜಾಗ ಅವರ ಹೆಸರಿಗೇ ಆಗುವ ಒಂದು ಕಲಮು (38ನೆಯದು) ಅದೇ ಕಾಯ್ದೆಯಲ್ಲಿತ್ತು. ಪೇಟೆಯ ಬಾಡಿಗೆ ಮನೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ‘ಮನಿನೂ ಹೋಗ್ತಾವು’ ಎಂಬ ಸುದ್ದಿ ಓಣಿಗಳಲ್ಲಿ ಉಳಿದುಬಿಟ್ಟಿತು.

ಹಾಗಾದರೆ ಹನ್ನೆರಡು ಎಂಬ ಅಂಕಿ? ಅದು ಬಂದದ್ದು 1963ರ ಕಾಲಮಿತಿ ಕಾಯ್ದೆಯಿಂದ. ಇನ್ನೊಬ್ಬರ ಸ್ಥಿರಾಸ್ತಿಯನ್ನು ‘ಇದು ನನ್ನದೇ’ ಎಂದು ಬಹಿರಂಗವಾಗಿ, ಮಾಲೀಕನಿಗೆ ಎದುರಾಗಿ, 12 ವರ್ಷ ಹಿಡಿದು ಕೂತವನ ಮೇಲೆ ದಾವೆ ಹಾಕುವ ಹಕ್ಕು ಮಾಲೀಕನಿಗೆ ಉಳಿಯುವುದಿಲ್ಲ. ಇಲ್ಲಿ ‘ಎದುರಾಗಿ’ ಎಂಬುದೇ ಮುಖ್ಯ. ಬಾಡಿಗೆದಾರ ಒಳಗೆ ಬಂದದ್ದು ಮಾಲೀಕನ ಒಪ್ಪಿಗೆಯಿಂದ. ತಿಂಗಳ ತಿಂಗಳ ಬಾಡಿಗೆ ಕೊಡುವುದೆಂದರೆ ಮನೆ ನಿಮ್ಮದು ಎಂದು ತಿಂಗಳ ತಿಂಗಳ ಒಪ್ಪಿಕೊಂಡಂತೆ. ಹದಿನೈದಲ್ಲ, ಐವತ್ತು ವರ್ಷ ಇದ್ದರೂ ಬಾಡಿಗೆದಾರ ಬಾಡಿಗೆದಾರನೇ. ಬಾಡಿಗೆದಾರನಾಗಿ ಒಳಗೆ ಬಂದವನು ಅಲ್ಲಿರುವವರೆಗೆ ಮಾಲೀಕನ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 116ನೆಯ ಕಲಮು ಹೇಳುತ್ತಿತ್ತು. 2024ರ ಜುಲೈನಲ್ಲಿ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ ಉಳಿದಿದೆ. ಆಧಾರ್ ಕಾರ್ಡಿನ ವಿಳಾಸ, ಗೃಹಜ್ಯೋತಿಯ ಅರ್ಜಿ, ರೇಷನ್ ಕಾರ್ಡು ಇವೆಲ್ಲ ಆತ ಅಲ್ಲಿ ವಾಸವಿದ್ದಾನೆ ಎಂದು ತೋರಿಸುತ್ತವೆ. ಮನೆ ಯಾರದು ಎಂಬುದನ್ನಲ್ಲ.

ಹನ್ನೆರಡು ವರ್ಷ ನಿಜವಾಗಿ ಕಚ್ಚುವ ಜಾಗ ಒಂದಿದೆ, ಅದನ್ನು ಮಾತ್ರ ಯಾವ ಹಿರಿಯರೂ ಹೇಳುವುದಿಲ್ಲ. ಬಾಡಿಗೆದಾರನಿಂದ ಮನೆ ಮರಳಿ ಪಡೆಯುವ ದಾವೆಗೆ ಅದೇ ಕಾಯ್ದೆಯ 67ನೆಯ ಪರಿಚ್ಛೇದ 12 ವರ್ಷದ ಮಿತಿ ಹಾಕಿದೆ. ಎಣಿಕೆ ಶುರುವಾಗುವುದು ಆತ ಮನೆ ಹೊಕ್ಕ ದಿನದಿಂದಲ್ಲ, ಬಾಡಿಗೆಯ ಕರಾರು ಮುಗಿದ ದಿನದಿಂದ. ನೋಟಿಸು ಕೊಟ್ಟು, ‘ಹೋಗಲಿ ಬಿಡು, ಇವತ್ತಲ್ಲ ನಾಳೆ ಬಿಟ್ಟಾನು’ ಎಂದು ಸುಮ್ಮನೆ ಕೂತವನಿಗೆ ಅದು ಅಪಾಯ. ಅಂದರೆ ಕಾಯ್ದೆ ಶಿಕ್ಷಿಸುವುದು ಬಹಳ ವರ್ಷ ಬಾಡಿಗೆಗೆ ಕೊಟ್ಟವನನ್ನಲ್ಲ, ಜಗಳ ಹತ್ತಿದ ಮೇಲೆ ಮಲಗಿದವನನ್ನು.

ಮನೆ ಬಾಡಿಗೆಯ ಕಾಯ್ದೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ತನ್ನದೇ ಒಂದು ಇತಿಹಾಸವಿದೆ, ಅದನ್ನು ಚುಟುಕಾಗಿ ಹೇಳಬೇಕು. ಬ್ರಿಟಿಷರ ಸಂಪಗಾಂವ ತಾಲ್ಲೂಕಿನ ಕೇಂದ್ರ ಬೈಲಹೊಂಗಲ, ಪರಸಗಡ ತಾಲ್ಲೂಕಿನ ಕೇಂದ್ರ ಸವದತ್ತಿ. ಇವೆರಡು ಮುಂಬೈ ಸರಕಾರದ ನೆಲ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ತೊರಗಲ್ಲು ಕೊಲ್ಹಾಪುರದ ಅಧೀನದ ಶಿಂಧೆ ಜಹಗೀರು. ಹಾಗಾಗಿ 1948-49ರ ವರೆಗೆ ಮಲಪ್ರಭೆಯ ದಂಡೆಗುಂಟ ಹತ್ತಾರು ಮೈಲಿಗೊಂದು ಕಾಯ್ದೆ, ಒಬ್ಬೊಬ್ಬ ಒಡೆಯ. ಸಂಸ್ಥಾನಗಳು ವಿಲೀನವಾದ ಮೇಲೆ ಎಲ್ಲಕ್ಕೂ ಬಂದದ್ದು 1947ರ ಮುಂಬೈ ಬಾಡಿಗೆ ಕಾಯ್ದೆ. ಅದು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿದಿತ್ತು. ಯುದ್ಧಕಾಲದಲ್ಲಿ ಮನೆಗಳ ಅಭಾವಕ್ಕೆ ಹುಟ್ಟಿದ ಆ ಯೋಚನೆ ಯುದ್ಧ ಮುಗಿದು ದಶಕಗಳಾದರೂ ಹೋಗಲಿಲ್ಲ. 1961ರಲ್ಲಿ ಮೈಸೂರು ರಾಜ್ಯ ತನ್ನದೇ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ವಕೀಲರ ಬಾಯಲ್ಲಿ ಇಂದಿಗೂ ಇರುವ ‘ಎಚ್ಆರ್‌ಸಿ ಕೇಸು’ ಅದೇ. ಅದರ 21ನೆಯ ಕಲಮಿನ ‘ಎಚ್’ ಉಪಕಲಮು, ಅಂದರೆ ‘ನನಗೇ ವಾಸಕ್ಕೆ ಬೇಕು’ ಎಂಬ ಕಾರಣ, ಒಂದು ಕಾಲದ ಕೋರ್ಟುಗಳಲ್ಲಿ ಎಷ್ಟು ಓಡಾಡಿತೆಂದರೆ ಕಕ್ಷಿದಾರರಿಗೂ ಬಾಯಿಪಾಠವಾಗಿತ್ತು. ಬೇಕೆಂದು ತೋರಿಸಿದರೆ ಸಾಲದು, ಮನೆ ಬಿಟ್ಟರೆ ಬಾಡಿಗೆದಾರನಿಗೆ ಆಗುವ ತೊಂದರೆಗಿಂತ ಬಿಡದಿದ್ದರೆ ಮಾಲೀಕನಿಗೆ ಆಗುವ ತೊಂದರೆ ಹೆಚ್ಚೆಂದೂ ತೂಗಿ ತೋರಿಸಬೇಕಿತ್ತು. ಹತ್ತು-ಹದಿನೈದು ವರ್ಷದ ಕೇಸುಗಳ ಕಥೆಗಳು ಹುಟ್ಟಿದ್ದು ಆ ಕಾಲದಲ್ಲಿ. ಅವು ಸುಳ್ಳಲ್ಲ.

ಈಗಿನ ಸ್ಥಿತಿ ಬೇರೆ. 2001ರ ಕೊನೆಯ ದಿನ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ 1999, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಬಾಡಿಗೆಗಳನ್ನು ತನ್ನ ಹೊರಗಿಟ್ಟಿದೆ. ಅಂಗಡಿಯಾದರೆ 14 ಚದರ ಮೀಟರಿಗಿಂತ ದೊಡ್ಡದೂ ಹೊರಗೆ. ಇಂದಿನ ಬೆಲೆಯಲ್ಲಿ ಒಂದು ಸರಿಯಾದ ಮನೆಯೂ ಈ ಮಿತಿಯೊಳಗೆ ಉಳಿಯುವುದು ಕಷ್ಟ. ನಾವು ಊಹಿಸಿದ ಬೈಲಹೊಂಗಲದ ಮನೆ ನಾಲ್ಕು ಸಾವಿರದ್ದು, ಎರಡೂ ಮಿತಿಯನ್ನು ದಾಟಿದೆ. ಅದಕ್ಕೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೆಯ ಕಲಮಿನಂತೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನದ ಲಿಖಿತ ನೋಟಿಸು ಸಾಕು. ಕಾರಣ ಹೇಳಬೇಕಿಲ್ಲ. ಮಗನ ಮದುವೆ, ಮನೆ ಸೋರುವುದು, ಬಾಡಿಗೆ ಬಾಕಿ, ಇವೇನನ್ನೂ ರುಜುವಾತು ಮಾಡಬೇಕಿಲ್ಲ. ‘ಬಾಡಿಗೆಗೆ ಕೊಟ್ಟಿದ್ದೆ, ನೋಟಿಸು ಕೊಟ್ಟೆ, ಅವಧಿ ಮುಗಿಯಿತು’ ಎಂಬ ಮೂರನ್ನು ತೋರಿಸಿದರೆ ಮಾಲೀಕನ ಕೆಲಸ ಬಹುಪಾಲು ಮುಗಿಯಿತು. ಮೊದಲ ಮಾತಿಗೇ ಕಾಗದ ಇಲ್ಲದವನು ಉಳಿದೆರಡಕ್ಕೆ ಹೋಗುವುದು ಹೇಗೆ? ಬಾಂಡ್ ಇಲ್ಲ, ಪಾವತಿ ಇಲ್ಲ, ಬ್ಯಾಂಕಿಗೆ ಬಿದ್ದ ಹಣದ ಗುರುತಿಲ್ಲ ಎಂದಾಗಲೇ ಎದುರಿನವನಿಗೆ ‘ನಾನು ಬಾಡಿಗೆದಾರನೇ ಅಲ್ಲ, ಇವರಪ್ಪ ನನಗೆ ಮಾರಿದ್ದಾರೆ, ಮುಂಗಡ ಕೊಟ್ಟಿದ್ದೇನೆ’ ಎಂಬ ಹೊಸ ಕಥೆ ಹೇಳುವ ಧೈರ್ಯ ಬರುತ್ತದೆ. ಅಂಥ ಕಥೆಯನ್ನು ಸುಳ್ಳೆಂದು ತೋರಿಸುವುದರಲ್ಲೇ ವರ್ಷಗಳು ಹೋಗುತ್ತವೆ. ಯಾವ ಫೋನ್‌ಪೇಯನ್ನು ಬೇಡ ಎಂದಿದ್ದರೋ ಅದೇ ತಿಂಗಳ ತಿಂಗಳ ಬಿದ್ದಿದ್ದರೆ ಈ ಕಥೆ ಒಂದೇ ತಾರೀಖಿಗೆ ಬಿದ್ದುಹೋಗುತ್ತಿತ್ತು.

ಇನ್ನು 11 ತಿಂಗಳ ಬಾಂಡು. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಜನ ಕಂಡುಕೊಂಡ ಉಪಾಯ ಇದು, ಅಷ್ಟೇ. ಹನ್ನೊಂದು ತಿಂಗಳು ಮುಗಿದ ಮಾರನೆಯ ದಿನ ಬಾಡಿಗೆದಾರ ತಾನಾಗಿ ಎದ್ದು ಹೋಗುತ್ತಾನೆ ಎಂಬ ಮಂತ್ರಶಕ್ತಿ ಅದಕ್ಕಿಲ್ಲ. ಬಾಡಿಗೆ ಕೊಡುತ್ತ, ತೆಗೆದುಕೊಳ್ಳುತ್ತ ಹೋದರೆ ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ.

ಕಾಗದ ಇಲ್ಲದ ಮಾಲೀಕ ಸಾಮಾನ್ಯವಾಗಿ ಮೊದಲು ಹೋಗುವುದು ಹಿರಿಯರ ಬಳಿಗೆ. ಓಣಿಯ ಪಂಚರು, ಸಂಬಂಧಿಕರು, ಒಮ್ಮೊಮ್ಮೆ ಊರ ಸ್ವಾಮಿಗಳು. ಅಲ್ಲಿ ಬಗೆಹರಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಗೆಹರಿಯದಿದ್ದರೆ ಪೊಲೀಸ್ ಠಾಣೆ, ಅಲ್ಲಿ ‘ಇದು ಸಿವಿಲ್ ಮ್ಯಾಟರ್ ರೀ’ ಎಂಬ ಉತ್ತರ. ಆ ಉತ್ತರ ಕೇಳಲು ಕಹಿಯಾದರೂ ಸರಿಯಾದದ್ದೇ. ತಪ್ಪು ನಡೆಯುವುದು ಅದರ ನಂತರ. ಮೀಟರಿನ ಫ್ಯೂಜ್ ಕೀಳುವುದು, ನಳದ ನೀರು ಬಂದ್ ಮಾಡುವುದು, ಬಾಡಿಗೆದಾರರು ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋದ ಹೊತ್ತು ನೋಡಿ ಕೀಲಿ ಜಡಿಯುವುದು, ನಾಲ್ಕು ಹುಡುಗರನ್ನು ಕರೆತಂದು ಪಾತ್ರೆ-ಪಡಗ ಬೀದಿಗೆ ಇಡುವುದು.

ಇಲ್ಲಿ ಕಾಯ್ದೆ ಮಾಲೀಕನ ವಿರುದ್ಧ ತಿರುಗುತ್ತದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಂತೆ, ಒಪ್ಪಿಗೆಯಿಲ್ಲದೆ, ಕಾಯ್ದೆಯ ದಾರಿ ಬಿಟ್ಟು ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸ್ಪಷ್ಟವಾಗಿ ಹೇಳಿತು: ನೆಲೆಗೊಂಡ ಕಬ್ಜಾದಲ್ಲಿ ಇರುವವನನ್ನು, ಅವನಿಗೆ ಹಕ್ಕು ಇಲ್ಲದಿದ್ದರೂ, ನಿಜವಾದ ಮಾಲೀಕ ಕೂಡ ತೋಳ್ಬಲದಿಂದ ಎಬ್ಬಿಸುವಂತಿಲ್ಲ. ಗೆಲ್ಲಬಹುದಾಗಿದ್ದ ಕೇಸನ್ನು ಒಂದು ಬೀಗದಿಂದ ಕೆಡಿಸಿಕೊಂಡಂತೆ. ‘ನನ್ನ ಮನಿಗೆ ನಾ ಕೀಲಿ ಹಾಕಾಕ ಯಾರ ಪರ್ಮಿಶನ್ ಬೇಕ್ರಿ?’ ಎಂಬ ಪ್ರಶ್ನೆಯ ಹಿಂದಿನ ಸಿಟ್ಟು ಅರ್ಥವಾಗುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ.

ಈ ಸೀಮೆಯ ಮಾಲೀಕರಲ್ಲಿ ಇನ್ನೊಂದು ಲೆಕ್ಕಾಚಾರವಿದೆ. ಇಲ್ಲಿನ ಹಳೆಯ ಮನೆಗಳು ಮಣ್ಣಿನ ಗೋಡೆಯ ಮ್ಯಾಳಗಿ ಮನೆಗಳು. ‘ಎರಡು ಮಳೆಗಾಲ ತಡೀರಿ, ಜಂತಿ ತಾನs ಕೂರ್ತೈತಿ, ಆಗ ಅವರs ಓಡ್ತಾರ.’ ಮೇಲ್ಮುದ್ದೆ ಮಾಡಿಸದೆ, ಸೋರುವುದನ್ನು ನೋಡುತ್ತ ಕಾಯುವ ಮಾಲೀಕರಿದ್ದಾರೆ. ಮಾನವೀಯತೆಯ ಮಾತು ಬಿಡಿ, ಕಾಯ್ದೆಯ ಲೆಕ್ಕದಲ್ಲೂ ಇದು ತಪ್ಪು. ಕಟ್ಟಡ ಬಿದ್ದ ಮಾತ್ರಕ್ಕೆ ಬಾಡಿಗೆದಾರಿಕೆ ಮುಗಿಯುವುದಿಲ್ಲ, ಅದು ಕೆಳಗಿನ ಜಾಗದ ಮೇಲೂ ಇರುತ್ತದೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2014ರಲ್ಲಿ ತೀರ್ಮಾನಿಸಿದೆ. ಬೆಂಕಿ, ನೆರೆಯಿಂದ ಮನೆ ವಾಸಕ್ಕೆ ಬಾರದಂತಾದರೆ ಕರಾರು ಮುರಿಯುವ ಆಯ್ಕೆಯನ್ನು 1882ರ ಕಾಯ್ದೆ ಬಾಡಿಗೆದಾರನ ಕೈಗೆ ಕೊಟ್ಟಿದೆ, ಮಾಲೀಕನ ಕೈಗಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದೊಳಗೆ ನುಗ್ಗಿದಾಗ ಈ ಪ್ರಶ್ನೆ ಕಾಗದದಿಂದೆದ್ದು ಬೀದಿಗೆ ಬಂತು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ದಂಡೆಯ ಓಣಿಗಳ ಮಣ್ಣಿನ ಗೋಡೆಗಳನ್ನು ಕರಗಿಸಿತು. ಸರಕಾರ ನೆರೆಗೆ ಸಿಕ್ಕ ಕುಟುಂಬಗಳಿಗೆ ತುರ್ತು ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ತೊಯ್ದ ಜೋಳ, ಕೊಚ್ಚಿಹೋದ ಪಾತ್ರೆ, ಕೆಸರಾದ ನೂಲು ಒಳಗೆ ವಾಸವಿದ್ದವನದು. ಬಿದ್ದ ಗೋಡೆ ಉತಾರದಲ್ಲಿ ಹೆಸರಿದ್ದವನದು. ವಾಸದ ದಾಖಲೆಯೇ ಬೇಡ ಎಂದು ಇಬ್ಬರೂ ವರ್ಷಗಟ್ಟಲೆ ಒಪ್ಪಿಕೊಂಡು ಬಂದಿದ್ದ ಮನೆಯಲ್ಲಿ, ಆ ನೀರಿನ ದಿನ ‘ನಾನು ಇಲ್ಲೇ ಇದ್ದೆ’ ಎಂದು ತೋರಿಸುವುದು ಬಾಡಿಗೆದಾರನಿಗೆ ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ.

ರಾಮದುರ್ಗದ ನೇಕಾರನ ಸಂಗತಿ ಇನ್ನೂ ಬಿಗಿ. ಕುಣಿಮಗ್ಗ ಹೂಡಿದ ಬಾಡಿಗೆ ಮನೆ ಅವನಿಗೆ ಮನೆಯೂ ಹೌದು, ಕಾರ್ಖಾನೆಯೂ ಹೌದು. ಮನೆ ಬಿಡುವುದೆಂದರೆ ಮಗ್ಗ ಬಿಚ್ಚಬೇಕು, ಹೊಸ ಮನೆಯ ಮಾಲೀಕ ನೆಲ ಅಗೆಯಲು ಒಪ್ಪಬೇಕು, ಮತ್ತೆ ಹೂಡಿ ಹಾಸು ಹೊಂದಿಸುವವರೆಗೆ ಗಳಿಕೆ ನಿಲ್ಲುತ್ತದೆ. ತಾನು ಹೂಡಿದ್ದನ್ನು ಬಿಚ್ಚಿಕೊಂಡು ಹೋಗಬಹುದು, ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು ಎನ್ನುತ್ತದೆ ಕಾಯ್ದೆ. ಅಂದರೆ ಕುಣಿ ಮುಚ್ಚುವ ಖರ್ಚೂ ಅವನದೇ. ಇಂಥವನು ‘ಬಿಡಂಗಿಲ್ಲ’ ಎಂದರೆ ಅದನ್ನು ಬರೀ ಹಟ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಬಿಡದಿರುವುದಕ್ಕೆ ಇನ್ನೊಂದು ಕಾರಣವನ್ನು ಮಾಲೀಕರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಕಡೆ ಮನೆ ಕೇಳಲು ಹೋದರೆ ಬಾಡಿಗೆ ಎಷ್ಟು ಎಂಬ ಮಾತಿಗಿಂತ ಮೊದಲು ಬರುವ ಪ್ರಶ್ನೆ: ‘ನೀವು ಯಾವ ಪೈಕಿ?’ ಜಾತಿ ಕೇಳುವ ಸಭ್ಯ ರೀತಿ ಇದು. ಉತ್ತರ ಹಿಡಿಸದಿದ್ದರೆ ‘ನಿನ್ನೇನs ಒಬ್ಬರು ಅಡ್ವಾನ್ಸ್ ಕೊಟ್ಟಾರ’ ಎನ್ನುವುದು ನಿರಾಕರಿಸುವ ಸಭ್ಯ ರೀತಿ. ದಲಿತ ಶಿಕ್ಷಕಿಯೋ, ಮುಸ್ಲಿಂ ಬಸ್ ಕಂಡಕ್ಟರೋ, ಗಂಡನನ್ನು ಬಿಟ್ಟು ಬಂದ ಹೆಂಗಸೋ ಒಮ್ಮೆ ಹೇಗೋ ಸಿಕ್ಕ ಮನೆಯನ್ನು ಬಿಟ್ಟರೆ ಮತ್ತೆ ಓಣಿ ಓಣಿ ತಿರುಗಿ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು. ಬಾಡಿಗೆದಾರ ಎದ್ದು ಹೋಗುವುದಿಲ್ಲ ಎಂದು ದೂರುವ ಊರೇ ಅವನು ಹೋಗಬಹುದಾದ ಬಾಗಿಲುಗಳನ್ನು ಮುಚ್ಚಿಟ್ಟಿದೆ. ಮನೆ ಖಾಲಿ ಮಾಡಿಸುವ ಯಾವ ಕಾಯ್ದೆಯೂ ಇದನ್ನು ನೋಡುವುದಿಲ್ಲ.

ಮಾಲೀಕನ ಸಂಕಟವೂ ಸುಳ್ಳಲ್ಲ, ಮುಖ್ಯವಾಗಿ ವೇಳೆಯ ವಿಷಯದಲ್ಲಿ. ತಾಲ್ಲೂಕಿನ ಸಿವಿಲ್ ನ್ಯಾಯಾಲಯ, ಅಲ್ಲಿಂದ ಮೇಲ್ಮನವಿ, ಅಲ್ಲಿಂದ ಹೈಕೋರ್ಟು. 2008ರಲ್ಲಿ ಧಾರವಾಡದಲ್ಲಿ ಪೀಠ ಬಂದ ಮೇಲೆ ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿತು, ತಾರೀಖುಗಳು ತಪ್ಪಲಿಲ್ಲ. ಗೆದ್ದರೂ ಕೈಗೆ ಬರುವುದು ಡಿಕ್ರಿ, ಮನೆಯಲ್ಲ. ಮನೆಗಾಗಿ ಅದೇ ಕೋರ್ಟಿನಲ್ಲಿ ಮತ್ತೆ ಅಮಲ್ಜಾರಿ ಅರ್ಜಿ, ಹಳೆಯ ಮುಂಬೈ ಪ್ರಾಂತದ ರೂಢಿಯಲ್ಲಿ ‘ದರಖಾಸ್ತು’, ಹಾಕಬೇಕು. ಭಾರತದ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಗೊಣಗಿತ್ತು. ಬೇಲೀಫ್ ಬಂದ ದಿನ ಬಾಗಿಲಲ್ಲಿ ಅಳಿಯನೋ ತಮ್ಮನೋ ನಿಂತು ‘ನಂದು ಬ್ಯಾರೇನs ಹಕ್ಕೈತಿ’ ಎಂದರೆ ಅದಕ್ಕೂ ಒಂದು ವಿಚಾರಣೆ. ಬೆಂಗಳೂರಿನ ಒಂದು ಆಸ್ತಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು ದೇಶಕ್ಕೆಲ್ಲ ಆದೇಶ ಕೊಟ್ಟಿತು. 2025ರಲ್ಲಿ ಅದೇ ಕೋರ್ಟು ಲೆಕ್ಕ ತರಿಸಿ ನೋಡಿದಾಗ ಬಾಕಿ ಇದ್ದವು 8.82 ಲಕ್ಷ.

ಈ ವಿಳಂಬವೇ ಬಿಡದ ಬಾಡಿಗೆದಾರನ ನಿಜವಾದ ಬಂಡವಾಳ. ಹನ್ನೆರಡು ವರ್ಷ ಆದರೆ ಮನೆ ಅವನದಾಗುವುದಿಲ್ಲ. ಆದರೆ ಕಾಗದ ಇಲ್ಲದ ಕೇಸು ಹನ್ನೆರಡು ವರ್ಷ ಎಳೆಯಬಹುದು. ಅದಕ್ಕೆ ಮದ್ದಿಲ್ಲವೆಂದಲ್ಲ. ಕರಾರು ಮುಗಿದ ಮೇಲೆ ಕೂತಷ್ಟು ದಿನಕ್ಕೆ ಹಳೆಯ ಬಾಡಿಗೆಯಲ್ಲ, ಮಾರುಕಟ್ಟೆಯ ದರದಲ್ಲಿ ಪರಿಹಾರ ಕೇಳಬಹುದು. ಮೇಲ್ಮನವಿಯಲ್ಲಿ ತಡೆಯಾಜ್ಞೆ ಬೇಕೆಂದವನಿಗೆ ಅಂಥ ಹಣ ಕಟ್ಟುವ ಷರತ್ತು ಹಾಕಬಹುದೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ನಾಲ್ಕು ಸಾವಿರದ ಮನೆಗೆ ಎಂಟು ಸಾವಿರದಂತೆ ಬಾಕಿ ಏರತೊಡಗಿದರೆ ಹಟ ಕರಗುತ್ತದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದೇ ಯೋಚನೆಯ ಮೇಲಿದೆ: ಲಿಖಿತ ಕರಾರು ಕಡ್ಡಾಯ, ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ಇಲ್ಲ, ಅವಧಿ ಮೀರಿ ಕೂತರೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು. ಅದು ಮಾದರಿಯಷ್ಟೇ, ಒಪ್ಪಿ ಕಾಯ್ದೆ ಮಾಡಬೇಕಾದದ್ದು ಆಯಾ ರಾಜ್ಯ.

ಬಾಡಿಗೆಯ ಕೇಸುಗಳು ಬೇಗ ಮುಗಿಯುವ ಜಾಗವೆಂದರೆ ಲೋಕ ಅದಾಲತ್ತು. ಅಲ್ಲಿ ಆದ ರಾಜಿಗೆ ಡಿಕ್ರಿಯದೇ ಬಲ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಮರಳುತ್ತದೆ. ಹೆಣ್ಣುಮಕ್ಕಳಿಗೆ, ಮಾಲೀಕಳಿರಲಿ ಬಾಡಿಗೆದಾರಳಿರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಆದಾಯ ನೋಡದೆ ವಕೀಲರನ್ನು ಕೊಡುತ್ತದೆ. ರಾಜಿ ಆಗುವ ಬಗೆ ಹೆಚ್ಚುಕಡಿಮೆ ಒಂದೇ: ಬಾಡಿಗೆದಾರನಿಗೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಸಮಯ, ಮಾಲೀಕನ ಕಡೆಯಿಂದ ಬಾಕಿ ಬಾಡಿಗೆಯಲ್ಲಿ ಒಂದಿಷ್ಟು ಮಾಫಿ, ಇಂಥ ತಾರೀಖಿಗೆ ಕೀಲಿಕೈ. ಇಷ್ಟಕ್ಕೆ ಇಬ್ಬರೂ ಒಪ್ಪಿ ಹೊರಬಂದ ಮೇಲೆ ಜಗಳ ಮತ್ತೆ ಹತ್ತುವುದು ಡಿಪಾಜಿಟ್ಟಿನ ಮೇಲೆ. ಸುಣ್ಣದ ಖರ್ಚು ಮುರಿದುಕೊಳ್ಳುವುದೇ, ಒಡೆದ ಕಡಪಾ ಕಲ್ಲು ಯಾರ ಲೆಕ್ಕ, ಹಳೆಯ ಲೈಟ್ ಬಿಲ್ಲು ಯಾರದು. ಹಾಗಾಗಿ ಕೊನೆಯ ಮೀಟರ್ ರೀಡಿಂಗು, ಮುರಿದುಕೊಳ್ಳುವ ಮೊತ್ತ, ಮಗ್ಗದ ಕುಣಿ ಮುಚ್ಚುವವರು ಯಾರೆಂಬುದು, ಎಲ್ಲವೂ ರಾಜಿಪತ್ರದಲ್ಲೇ ಬರಲಿ. ಕೀಲಿಕೈ ಕೊಟ್ಟ ಹೊತ್ತಿಗೇ ಡಿಪಾಜಿಟ್ ಎಣಿಸಿ ಕೊಡಬೇಕು ಎಂಬ ಸಾಲು ಇಲ್ಲದ ಕಾಗದಕ್ಕೆ ಬಾಡಿಗೆದಾರ ಸಹಿ ಮಾಡಬಾರದು. ಹಣ ಕೊಟ್ಟದ್ದಕ್ಕೆ ಪಾವತಿ ಬರೆಸಿಕೊಳ್ಳದೆ ಮಾಲೀಕನೂ ಕೈಬಿಡಬಾರದು.